ಡಿಆರ್‌ಬಿಡಿ 9: ಹಾಕುವ ಮುನ್ನ, 8.4ರಿಂದ ಏರುವ ಮುನ್ನ

ಎರಡು ಲಿನಕ್ಸ್ ಸರ್ವರ್‌ಗಳಲ್ಲಿ ಒಂದೇ ಡೇಟಾ ಸದಾ ತಾಜಾ ಇರಬೇಕು, ಒಂದು ಮಲಗಿದರೆ ಇನ್ನೊಂದು ಅಲ್ಲಿಂದಲೇ ಕೆಲಸ ಎತ್ತಿಕೊಳ್ಳಬೇಕು. ಈ ಅಗತ್ಯಕ್ಕೆ ಡಿಆರ್‌ಬಿಡಿ ಹಳೆಯ, ಚೆನ್ನಾಗಿ ಪಳಗಿದ ಸಾಧನ. ವಿಯೆನ್ನಾದ ಲಿನ್‌ಬಿಟ್ ಕಂಪನಿ ಬೆಳೆಸಿಕೊಂಡು ಬಂದಿರುವ ಇದರ ಸೋರ್ಸ್ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಸಿಗುತ್ತದೆ. 2010ರಲ್ಲಿ ಬಂದ 2.6.33ರಿಂದ ಲಿನಕ್ಸ್ ಕರ್ನಲ್‌ನೊಳಗೇ ಇದಕ್ಕೆ ಜಾಗವಿದೆ. ಫೈಲ್ ಯಾವುದು, ಡೇಟಾಬೇಸ್ ಯಾವುದು ಎಂದು ಇದು ನೋಡುವುದಿಲ್ಲ. ಫೈಲ್‌ಸಿಸ್ಟಂನ ಕೆಳಗೆ ಕೂತು, ಡಿಸ್ಕಿಗೆ ಹೋಗುವ ಪ್ರತಿ ಬ್ಲಾಕನ್ನೂ ಪಕ್ಕದ ಸರ್ವರ್‌ಗೂ ಕಳಿಸುತ್ತದೆ, ಅಷ್ಟೇ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಕಲು ಮಾಡುವ ಕೆಲಸದಲ್ಲಿ ಡಿಆರ್‌ಬಿಡಿಯನ್ನು ನಂಬಬಹುದು. ತೊಂದರೆ ಬರುವುದು ಅದರ ಸುತ್ತಲಿನಿಂದ: ಕರ್ನಲ್ ಮಾಡ್ಯೂಲ್‌ನ (ಕರ್ನಲ್‌ಗೆ ಸೇರಿಕೊಂಡು ಓಡುವ ಡಿಆರ್‌ಬಿಡಿ ಭಾಗ) ಹೊಂದಾಣಿಕೆ, ಡಿಸ್ಕಿನಲ್ಲಿ ಬಿಡಬೇಕಾದ ಜಾಗ, ಮತ್ತು ನಡುವಿನ ಕೇಬಲ್ ಕಡಿದಾಗ ಯಾರು ಬರೆಯಬೇಕು ಎಂಬ ತೀರ್ಮಾನ. ಈ ಮೂರನ್ನು ಕಾಗದದ ಮೇಲೆ ಮುಗಿಸದೆ ಇನ್‌ಸ್ಟಾಲ್‌ಗೆ ಕೈ ಹಾಕಬಾರದು. ಹಳೆಯ ಆವೃತ್ತಿ 8.4ರಲ್ಲಿ ಎರಡು ನೋಡ್ (ನಕಲು ಹಂಚಿಕೊಳ್ಳುವ ಸರ್ವರ್) ಓಡಿಸುತ್ತಿರುವವರು 9ಕ್ಕೆ ಏರಲು ವೇಗ ಒಂದು ಕಾರಣವಲ್ಲ. ಕಾರಣ ಕ್ವೋರಂ, ಅಂದರೆ ಬಹುಮತ ಇರುವ ಕಡೆಗೆ ಮಾತ್ರ ಬರೆಯುವ ಹಕ್ಕು, ಮತ್ತು ಅದೊಂದೇ ಸಾಕು.

8.4ರಲ್ಲಿ ನೋಡ್‌ಗಳು ಎರಡೇ. ನಡುವಿನ ಕೊಂಡಿ ಕಡಿದರೆ ಎರಡಕ್ಕೂ ಕಾಣುವುದು ಒಂದೇ ದೃಶ್ಯ, ಆಚೆಯವನು ಇಲ್ಲ. ಫೆನ್ಸಿಂಗ್ (ಸಂಪರ್ಕ ತಪ್ಪಿದ ನೋಡನ್ನು ಬಲವಂತವಾಗಿ ಹೊರಗಿಡುವ ವ್ಯವಸ್ಥೆ) ಸರಿಯಾಗಿ ಕಟ್ಟಿರದಿದ್ದರೆ ಎರಡೂ ಪ್ರೈಮರಿ (ಬರೆಯುವ ನೋಡ್; ನಕಲು ಪಡೆಯುವುದು ಸೆಕೆಂಡರಿ) ಆಗಿ ಬರೆಯತೊಡಗುತ್ತವೆ, ಅಲ್ಲಿಗೆ ಸ್ಪ್ಲಿಟ್ ಬ್ರೇನ್: ಎರಡು ಕಡೆ ಎರಡು ಬೇರೆ ಡೇಟಾ. 9ರಲ್ಲಿ ಮೂರನೆಯ ನೋಡ್ ಸೇರಿಸಬಹುದು, ಅದಕ್ಕೆ ಡೇಟಾ ಡಿಸ್ಕ್ ಬೇಕೆಂದಿಲ್ಲ. ಡಿಸ್ಕ್‌ರಹಿತವಾಗಿ ಸೇರಿದ ಸಣ್ಣ ಯಂತ್ರವೊಂದು ಟೈಬ್ರೇಕರ್ ಆಗಿ ನಿಲ್ಲುತ್ತದೆ. ಕಾನ್ಫಿಗ್‌ನ ಆಪ್ಷನ್ಸ್ ವಿಭಾಗದಲ್ಲಿ 'ಕ್ವೋರಂ ಮೆಜಾರಿಟಿ' ಎಂದು ಬರೆದರೆ ಬಹುಮತ ಕಳೆದುಕೊಂಡ ಕಡೆ ಬರೆಯುವುದು ನಿಲ್ಲುತ್ತದೆ. ಹೇಗೆ ನಿಲ್ಲಬೇಕು ಎಂಬುದನ್ನು 'ಆನ್-ನೋ-ಕ್ವೋರಂ' ಹೇಳುತ್ತದೆ. 'ಐಒ-ಎರರ್' ಕೊಟ್ಟರೆ ಅಪ್ಲಿಕೇಶನ್‌ಗೆ ತಕ್ಷಣ ದೋಷ ಹೋಗುತ್ತದೆ, ಕ್ಲಸ್ಟರ್ ಮ್ಯಾನೇಜರ್ ಬೇಗ ಸೇವೆಯನ್ನು ಆಚೆ ಸಾಗಿಸಬಹುದು. 'ಸಸ್ಪೆಂಡ್-ಐಒ' ಕೊಟ್ಟರೆ ಕೊಂಡಿ ಮರಳುವವರೆಗೆ ಬರಹ ಕಾಯುತ್ತದೆ. ತಾನಾಗಿ ಫೇಲ್‌ಓವರ್ (ಸೇವೆ ಇನ್ನೊಂದು ನೋಡ್‌ಗೆ ಸಾಗುವುದು) ಆಗಬೇಕಾದ ಕಡೆ ಮೊದಲನೆಯದೇ ಸರಿ. ಟೈಬ್ರೇಕರ್ ಯಂತ್ರ ಉಳಿದೆರಡರ ಪೈಕಿ ಒಂದರ ಜೊತೆ ಅದೇ ಸ್ವಿಚ್, ಅದೇ ವಿದ್ಯುತ್ ಸಾಲು ಹಂಚಿಕೊಂಡಿದ್ದರೆ ಅವೆರಡೂ ಒಟ್ಟಿಗೇ ಹೋಗುತ್ತವೆ, ಉಳಿದದ್ದು ಅಲ್ಪಮತಕ್ಕೆ ಬೀಳುತ್ತದೆ. ಅದನ್ನು ಇಡುವ ಜಾಗ ಆರಿಸುವುದೂ ಯೋಜನೆಯ ಭಾಗವೇ.

ಕರ್ನಲ್ ಮಾಡ್ಯೂಲ್ ಎಂಬ ಬಲೆ

ಹೆಚ್ಚು ಜನ ಎಡವುವುದು ಇಲ್ಲೇ. ಲಿನಕ್ಸ್ ಕರ್ನಲ್‌ನೊಳಗೆ ಬರುವುದು 8.4ರ ಮಾಡ್ಯೂಲ್, 9ರದ್ದನ್ನು ಹೊರಗಿನಿಂದ ಸೇರಿಸಬೇಕು. ಆದರೆ ಆಜ್ಞೆಗಳನ್ನು ಕೊಡುವ ಯುಟಿಲಿಟಿ ಪ್ಯಾಕೇಜಿನ ಆವೃತ್ತಿ ಸಂಖ್ಯೆಯೂ 9ರಿಂದ ಶುರುವಾಗುತ್ತದೆ. ಡಿಸ್ಟ್ರೋದ ರೆಪಾಸಿಟರಿಯಿಂದ 'ಡಿಆರ್‌ಬಿಡಿ-ಯುಟಿಲ್ಸ್' ಹಾಕಿ, 9 ಎಂದು ನೋಡಿ, ಕೆಲಸ ಆಯಿತು ಎಂದುಕೊಂಡವರ ಸರ್ವರ್‌ನಲ್ಲಿ ಓಡುತ್ತಿರುವುದು ಇನ್ನೂ 8.4 ಆಗಿರಬಹುದು. 'ಡಿಆರ್‌ಬಿಡಿಅಡ್ಮ್ --ವರ್ಷನ್' ಕೊಟ್ಟು ಕರ್ನಲ್ ಆವೃತ್ತಿ ಮತ್ತು ಯುಟಿಲಿಟಿ ಆವೃತ್ತಿಯ ಎರಡೂ ಸಾಲುಗಳನ್ನು ಓದಬೇಕು. ಒಂದನ್ನೇ ಓದಿದರೆ ಸಾಲದು.

ಇದರ ಇನ್ನೊಂದು ಮುಖ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ. ತಾನಾಗಿ ನಡೆಯುವ ಸೆಕ್ಯುರಿಟಿ ಅಪ್‌ಡೇಟ್ ಹೊಸ ಕರ್ನಲ್ ತರುತ್ತದೆ. ಆ ಕರ್ನಲ್‌ಗೆ 9ರ ಮಾಡ್ಯೂಲ್ ಇನ್ನೂ ಕಟ್ಟಿರುವುದಿಲ್ಲ. ರೀಬೂಟ್ ಆದಾಗ ಸಿಗುವ 8.4ರ ಮಾಡ್ಯೂಲೇ ಲೋಡ್ ಆಗುತ್ತದೆ. ಅದಕ್ಕೆ 9ರ ಮೆಟಾಡೇಟಾ (ಡಿಸ್ಕಿನಲ್ಲಿ ಡಿಆರ್‌ಬಿಡಿ ಇಟ್ಟುಕೊಳ್ಳುವ ತನ್ನ ಲೆಕ್ಕ) ಓದಲು ಬರುವುದಿಲ್ಲ, ಡಿಸ್ಕ್ ಅಂಟುವುದಿಲ್ಲ, ರಿಸೋರ್ಸ್ (ನಕಲಾಗುವ ಡಿಸ್ಕಿಗೆ ಡಿಆರ್‌ಬಿಡಿ ಇಟ್ಟ ಹೆಸರು) ಎದ್ದೇಳುವುದಿಲ್ಲ. ಆಗ ಗಾಬರಿಯಲ್ಲಿ ಮೆಟಾಡೇಟಾವನ್ನು ಹೊಸದಾಗಿ ಸೃಷ್ಟಿಸುವುದು ಅತಿ ಕೆಟ್ಟ ಹೆಜ್ಜೆ, ಡಿಸ್ಕಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಸರಿಯಾದ ಮಾಡ್ಯೂಲ್ ಹಾಕಿದರೆ ಎಲ್ಲ ಮೊದಲಿನಂತೆ ಬರುತ್ತದೆ. ಡಿಕೆಎಂಎಸ್ (ಹೊಸ ಕರ್ನಲ್‌ಗೆ ಮಾಡ್ಯೂಲನ್ನು ತಾನಾಗಿ ಕಟ್ಟುವ ಸಾಧನ) ಬಳಸುವವರು ಕರ್ನಲ್ ಹೆಡರ್ ಪ್ಯಾಕೇಜೂ ಜೊತೆಯಲ್ಲೇ ಅಪ್‌ಡೇಟ್ ಆಗುವಂತೆ ನೋಡಿಕೊಳ್ಳಬೇಕು, ಹೆಡರ್ ಇಲ್ಲದಿದ್ದರೆ ಮಾಡ್ಯೂಲ್ ಕಟ್ಟುವುದಿಲ್ಲ. ಸಿದ್ಧ ಮಾಡ್ಯೂಲ್ ಪ್ಯಾಕೇಜ್ ಬಳಸುವವರು ಕರ್ನಲ್ ಆವೃತ್ತಿಯನ್ನು ಹಿಡಿದಿಟ್ಟು, ಎರಡನ್ನೂ ಒಟ್ಟಿಗೇ ಏರಿಸಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದೇ ಇಲ್ಲ. ಸಹಿ ಮಾಡಿದ ಕೀಲಿಯನ್ನು ಮೊದಲೇ ಯಂತ್ರಕ್ಕೆ ಪರಿಚಯಿಸಿರಬೇಕು, ಅದಕ್ಕೊಂದು ರೀಬೂಟ್ ಮತ್ತು ಕನ್ಸೋಲ್ ಮುಂದೆ ಒಬ್ಬರು ಬೇಕು.

ಡಿಸ್ಕಿನ ಲೆಕ್ಕ

ಡಿಆರ್‌ಬಿಡಿ ತನ್ನ ಮೆಟಾಡೇಟಾದಲ್ಲಿ ಪ್ರತಿ 4 ಕಿಬಿಬೈಟ್‌ಗೆ ಒಂದು ಬಿಟ್ ಇಡುತ್ತದೆ. 1 ಟೆಬಿಬೈಟ್ ಡಿಸ್ಕಿಗೆ ಪ್ರತಿ ಪೀರ್‌ಗೆ (ಜೊತೆಯ ನೋಡ್) 32 ಮೆಬಿಬೈಟ್ ಬಿಟ್‌ಮ್ಯಾಪ್. ಆಚೆಯ ನೋಡ್ ಇಲ್ಲದಿದ್ದಾಗ ಬದಲಾದ ಬ್ಲಾಕ್‌ಗಳ ಗುರುತು ಇದರಲ್ಲೇ ಬೀಳುತ್ತದೆ, ಅದು ಮರಳಿದಾಗ ಅಷ್ಟನ್ನೇ ಕಳಿಸಿದರೆ ಸಾಕು. ಒಂದು ದಿನ ಆರಿದ್ದ ಸರ್ವರ್ ಕೆಲವೇ ನಿಮಿಷಗಳಲ್ಲಿ ಸರಿಸಮ ಆಗುವುದು ಈ ಬಿಟ್‌ಮ್ಯಾಪ್‌ನಿಂದ.

ಮೆಟಾಡೇಟಾ ಸೃಷ್ಟಿಸುವಾಗಲೇ '--ಮ್ಯಾಕ್ಸ್-ಪೀರ್ಸ್' ಸಂಖ್ಯೆ ಕೊಡಬೇಕು. ಇಂದು ಎರಡೇ ನೋಡ್ ಸಾಕು ಎನಿಸಿದರೂ ಮುಂದೆ ಇನ್ನೊಂದು ಪ್ರತಿ ಬೇಕಾದಾಗ ಜಾಗ ಇಲ್ಲದಿದ್ದರೆ ಮೆಟಾಡೇಟಾ ಮತ್ತೆ ಮಾಡಬೇಕಾಗುತ್ತದೆ. 7 ಎಂದು ಕೊಟ್ಟರೂ 1 ಟೆಬಿಬೈಟ್‌ಗೆ ಸುಮಾರು 224 ಮೆಬಿಬೈಟ್ ಅಷ್ಟೇ. ಇಷ್ಟಕ್ಕೆ ಜಿಪುಣತನ ಬೇಡ.

ಈಗಾಗಲೇ ಡೇಟಾ ಇರುವ ವಾಲ್ಯೂಮ್‌ಗೆ ಡಿಆರ್‌ಬಿಡಿ ತೊಡಿಸುವಾಗ ಒಂದು ಎಚ್ಚರ. ಒಳಗಿನ ಮೆಟಾಡೇಟಾ ಡಿಸ್ಕಿನ ಕೊನೆಯಲ್ಲಿ ಕೂರುತ್ತದೆ, ಫೈಲ್‌ಸಿಸ್ಟಂ ಪೂರ್ತಿ ಡಿಸ್ಕ್ ಹಿಡಿದಿದ್ದರೆ ಅಲ್ಲಿ ಜಾಗವಿರುವುದಿಲ್ಲ. ಉಪಕರಣವೇ ಇದನ್ನು ಗಮನಿಸಿ ನಿರಾಕರಿಸುತ್ತದೆ, ಆ ನಿರಾಕರಣೆಯನ್ನು ದಾಟಲು ದಾರಿ ಹುಡುಕಬಾರದು. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಲಿನಕ್ಸ್ ಸೌಲಭ್ಯ) ಇದ್ದರೆ ಲಾಜಿಕಲ್ ವಾಲ್ಯೂಮನ್ನು ಬೇಕಾದಷ್ಟು ಉದ್ದ ಮಾಡಿ, ಫೈಲ್‌ಸಿಸ್ಟಂ ಅನ್ನು ಹಾಗೆಯೇ ಬಿಟ್ಟರೆ ಕೊನೆಯ ಖಾಲಿ ಜಾಗ ಮೆಟಾಡೇಟಾಕ್ಕೆ ಸಿಗುತ್ತದೆ. ಎಕ್ಸ್‌ಎಫ್‌ಎಸ್ ಬಳಸುವವರಿಗೆ ಇದೇ ಸರಿಯಾದ ದಾರಿ, ಅದನ್ನು ಎಕ್ಸ್‌ಟಿ4ನಂತೆ ಕುಗ್ಗಿಸಲಾಗದು.

ಇನ್ನು ಎಫ್‌ಎಸ್‌ಟ್ಯಾಬ್, ಅಂದರೆ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ. ಅಲ್ಲಿ ಫೈಲ್‌ಸಿಸ್ಟಂನ ಯುಯುಐಡಿ (ಗುರುತು ಸಂಖ್ಯೆ) ಬರೆದಿದ್ದರೆ ತೆಗೆಯಬೇಕು. ಒಳಗಿನ ಮೆಟಾಡೇಟಾ ಇರುವಾಗ ಅದೇ ಯುಯುಐಡಿ ಕೆಳಗಿನ ಡಿಸ್ಕಿನಲ್ಲೂ ಮೇಲಿನ ಡಿಆರ್‌ಬಿಡಿ ಸಾಧನದಲ್ಲೂ ಕಾಣುತ್ತದೆ. ಬೂಟ್ ಆಗುವಾಗ ಡಿಆರ್‌ಬಿಡಿ ಏಳುವ ಮೊದಲೇ ಕೆಳಗಿನದು ನೇರವಾಗಿ ಮೌಂಟ್ ಆದರೆ ಬರೆದದ್ದು ಯಾವುದೂ ಆಚೆ ಹೋಗುವುದಿಲ್ಲ, ಬಿಟ್‌ಮ್ಯಾಪಿನಲ್ಲೂ ಗುರುತು ಬೀಳುವುದಿಲ್ಲ. ಸ್ಥಿತಿ ಕೇಳಿದರೆ ಎರಡೂ ಕಡೆ 'ಅಪ್‌ಟುಡೇಟ್' ಎಂದೇ ಬರುತ್ತಿರುತ್ತದೆ, ಡೇಟಾ ಮಾತ್ರ ಬೇರೆ ಬೇರೆ. ಡಿಆರ್‌ಬಿಡಿ ಸಾಧನದ ಹೆಸರನ್ನೇ ಬರೆದು, ಬೂಟ್‌ನಲ್ಲಿ ತಾನಾಗಿ ಮೌಂಟ್ ಆಗದಂತೆ 'ನೋಆಟೋ' ಹಾಕಬೇಕು. ಡಿಆರ್‌ಬಿಡಿಯ ಮೇಲೆ ಎಲ್‌ವಿಎಂ ಕಟ್ಟುವವರು ಎಲ್‌ವಿಎಂ ಕಾನ್ಫಿಗ್‌ನ ಗ್ಲೋಬಲ್ ಫಿಲ್ಟರ್‌ನಲ್ಲಿ ಕೆಳಗಿನ ಡಿಸ್ಕನ್ನು ಮುಚ್ಚಬೇಕು, ಆಮೇಲೆ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತದ ಫೈಲ್‌ಗಳ ಕಟ್ಟು) ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ಬೂಟ್‌ನಲ್ಲಿ ಎಲ್‌ವಿಎಂ ಡಿಸ್ಕನ್ನು ಹಿಡಿದುಕೊಳ್ಳುತ್ತದೆ, ಡಿಆರ್‌ಬಿಡಿ 104ನೇ ದೋಷ ಕೊಟ್ಟು ಹಿಂದೆ ಸರಿಯುತ್ತದೆ.

ನೆಟ್‌ವರ್ಕ್ ಮತ್ತು ಪ್ರೋಟೋಕಾಲ್

ಆಯ್ಕೆಗಳು ಮೂರು. ಪ್ರೋಟೋಕಾಲ್ ಸಿ: ಎರಡೂ ಕಡೆಯ ಡಿಸ್ಕಿಗೆ ಬಿದ್ದ ಮೇಲೆಯೇ ಬರಹ ಮುಗಿಯಿತು ಎನ್ನುತ್ತದೆ. ಬಿ: ಆಚೆಯ ಮೆಮೊರಿಗೆ ತಲುಪಿದರೆ ಸಾಕು. ಎ: ಈಚೆಯ ಡಿಸ್ಕ್ ಮತ್ತು ಕಳಿಸುವ ಬಫರ್‌ಗೆ ಬಿದ್ದರೆ ಸಾಕು. ಒಂದೇ ಕಟ್ಟಡದೊಳಗೆ ಸಿ ಬಿಟ್ಟು ಬೇರೆ ಯೋಚನೆ ಬೇಡ.

ದೂರದ ಎರಡು ಡೇಟಾ ಸೆಂಟರ್‌ಗಳ ನಡುವೆ ಲೆಕ್ಕ ಬದಲಾಗುತ್ತದೆ. ಹೋಗಿ ಬರುವ ಸಮಯ 5 ಮಿಲಿಸೆಕೆಂಡ್ ಇದ್ದರೆ, ಒಂದರ ಹಿಂದೊಂದು ಬರೆಯುವ ಡೇಟಾಬೇಸ್ ಲಾಗ್ ಸಿ ಪ್ರೋಟೋಕಾಲಿನಲ್ಲಿ ಸೆಕೆಂಡಿಗೆ 200 ಬರಹ ದಾಟಲಾರದು, ಡಿಸ್ಕ್ ಎಷ್ಟೇ ವೇಗದ್ದಾಗಿರಲಿ. ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೂ ಈ ಸಂಖ್ಯೆ ಏರುವುದಿಲ್ಲ. ಎ ಪ್ರೋಟೋಕಾಲಿಗೆ ಹೋದರೆ ಈ ತಡೆ ತಪ್ಪುತ್ತದೆ. ಆದರೆ ಬಫರ್ ತುಂಬಿದಾಗ ಬರಹ ಮತ್ತೆ ಕಾಯುತ್ತದೆ, ಈಚೆಯ ಯಂತ್ರ ಸತ್ತರೆ ಬಫರ್‌ನಲ್ಲಿದ್ದದ್ದು ಹೋಯಿತು. ಎಷ್ಟು ಸೆಕೆಂಡಿನ ಡೇಟಾ ಕಳೆದರೆ ಸಹಿಸಬಹುದು ಎಂದು ಡೇಟಾದ ಒಡೆಯರನ್ನೇ ಕೇಳಿ ಬರೆಸಿಕೊಳ್ಳಬೇಕು. ಸರ್ವರ್ ನೋಡಿಕೊಳ್ಳುವವರು ಒಬ್ಬರೇ ಕೂತು ತೀರ್ಮಾನಿಸುವ ವಿಷಯ ಅದಲ್ಲ.

1 ಗಿಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಿಗುತ್ತದೆ, ಅಂದರೆ 1 ಟೆರಾಬೈಟ್‌ನ ಮೊದಲ ಸಿಂಕ್‌ಗೆ ಎರಡೂವರೆ ಗಂಟೆ. 10 ಗಿಗಾಬಿಟ್ ಹಾಕಿದವರಿಗೂ ಅಷ್ಟೇ ಹೊತ್ತು ಹಿಡಿದರೆ ಅಚ್ಚರಿ ಬೇಡ. 'ಸಿ-ಮ್ಯಾಕ್ಸ್-ರೇಟ್' ತಾನಾಗಿ 100 ಮೆಬಿಬೈಟ್‌ಗೆ ಕಟ್ಟಿಹಾಕಿರುತ್ತದೆ, ಅದನ್ನು ಏರಿಸಬೇಕು. ಸರ್ವರ್ ಕೆಲಸದಲ್ಲಿ ಮುಳುಗಿರುವಾಗ ಸಿಂಕ್ ತೆವಳುವುದಕ್ಕೆ ಕಾರಣ ಬೇರೆ. ಅಪ್ಲಿಕೇಶನ್‌ನ ಓದು-ಬರಹ ಕಂಡಾಗ ಡಿಆರ್‌ಬಿಡಿ ತನ್ನ ವೇಗವನ್ನು 'ಸಿ-ಮಿನ್-ರೇಟ್' ಕಡೆಗೆ ಇಳಿಸುತ್ತದೆ, ಅದರ ಮೂಲ ಬೆಲೆ ಸೆಕೆಂಡಿಗೆ ಬರೀ 250 ಕಿಬಿಬೈಟ್. ಡಿಸ್ಕ್ ತಡೆದುಕೊಳ್ಳುವಷ್ಟು ಏರಿಸಿ, ಹಗಲಿನ ಹೊರೆಯಲ್ಲಿ ಪರೀಕ್ಷಿಸಿ ನೋಡಬೇಕು.

ಕೊಂಡಿಗೆ ಪ್ರತ್ಯೇಕ ನೆಟ್‌ವರ್ಕ್ ಕಾರ್ಡ್ ಇರಲಿ, ಸಾಧ್ಯವಾದರೆ ಎರಡು. ಫೈರ್‌ವಾಲ್‌ನಲ್ಲಿ ಪ್ರತಿ ರಿಸೋರ್ಸ್‌ಗೆ ಒಂದು ಟಿಸಿಪಿ ಪೋರ್ಟ್ ಬಿಡಬೇಕು, ವಾಡಿಕೆಯಂತೆ 7788ರಿಂದ ಮೇಲಕ್ಕೆ. ಕಾನ್ಫಿಗ್‌ನಲ್ಲಿ ಇಡುವ ಶೇರ್ಡ್ ಸೀಕ್ರೆಟ್ ಆಚೆಯವನು ಯಾರೆಂದು ಖಚಿತಪಡಿಸುತ್ತದೆ, ಡೇಟಾವನ್ನು ಮುಚ್ಚುವುದಿಲ್ಲ. ಕಟ್ಟಡದಾಚೆ ಹೋಗುವ ಕೊಂಡಿಯಾದರೆ ಐಪಿಸೆಕ್ ಅಥವಾ ವೈರ್‌ಗಾರ್ಡ್ ಸುರಂಗದೊಳಗೆ ಓಡಿಸಬೇಕು.

ಹೊಸದಾಗಿ ಹಾಕುವ ಕ್ರಮ

ಎರಡೂ ಕಡೆ ಒಂದೇ ಅಳತೆಯ ಲಾಜಿಕಲ್ ವಾಲ್ಯೂಮ್ ಮಾಡಿ. ಒಂದು ದೊಡ್ಡದಿದ್ದರೆ ಚಿಕ್ಕದರ ಅಳತೆಯೇ ಲೆಕ್ಕಕ್ಕೆ ಬರುತ್ತದೆ. ರಿಸೋರ್ಸ್ ಫೈಲ್ ಬರೆದು ಎಲ್ಲ ನೋಡ್‌ಗಳಿಗೂ ಅಕ್ಷರ ಬಿಡದೆ ಅದನ್ನೇ ನಕಲಿಸಿ. 'ಆನ್' ನಂತರ ಬರುವ ಹೆಸರು 'ಯುನೇಮ್ -ಎನ್' ಕೊಡುವ ಹೆಸರೇ ಆಗಿರಬೇಕು. ಒಂದು ಕಡೆ ಚಿಕ್ಕ ಹೆಸರು, ಇನ್ನೊಂದು ಕಡೆ ಡೊಮೈನ್ ಸೇರಿದ ಉದ್ದ ಹೆಸರು ಇದ್ದರೆ 'ಈ ಹೋಸ್ಟ್‌ಗೆ ಕಾನ್ಫಿಗ್‌ನಲ್ಲಿ ಇಲ್ಲ' ಎಂಬ ದೋಷ ಬರುತ್ತದೆ, ಹೊಸಬರ ಮೊದಲ ಅರ್ಧ ಗಂಟೆ ಇದರಲ್ಲೇ ಹೋಗುತ್ತದೆ. ಪ್ರತಿ ನೋಡ್‌ಗೆ 'ನೋಡ್-ಐಡಿ' ಕೊಡಿ. ಬಿಟ್‌ಮ್ಯಾಪಿನ ಜಾಗಗಳು ಆ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಮೆಟಾಡೇಟಾ ಆದ ಮೇಲೆ ಅದನ್ನು ಬದಲಿಸಬಾರದು.

ಆಮೇಲೆ ಎರಡೂ ಕಡೆ 'ಕ್ರಿಯೇಟ್-ಎಂಡಿ', 'ಅಪ್'. ಸ್ಥಿತಿ ನೋಡಿದರೆ ಎರಡೂ 'ಇನ್‌ಕನ್ಸಿಸ್ಟೆಂಟ್' ಎನ್ನುತ್ತವೆ, ಅದು ಸಹಜ. ಡೇಟಾ ಇರುವ ಕಡೆ ಮಾತ್ರ, ಒಂದೇ ಬಾರಿ, 'ಪ್ರೈಮರಿ --ಫೋರ್ಸ್' ಕೊಡಬೇಕು. ತಪ್ಪು ನೋಡ್‌ನಲ್ಲಿ ಕೊಟ್ಟರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಎಂಟರ್ ಒತ್ತುವ ಮುನ್ನ ಪ್ರಾಂಪ್ಟ್‌ನಲ್ಲಿರುವ ಹೋಸ್ಟ್ ಹೆಸರನ್ನು ಇನ್ನೊಬ್ಬರಿಂದ ಓದಿಸಿ. ಎರಡೂ ಡಿಸ್ಕ್ ಹೊಸದಾಗಿದ್ದು ಖಾಲಿ ಇದ್ದರೆ 'ನ್ಯೂ-ಕರೆಂಟ್-ಯುಯುಐಡಿ --ಕ್ಲಿಯರ್-ಬಿಟ್‌ಮ್ಯಾಪ್' ಕೊಟ್ಟು ಮೊದಲ ಸಿಂಕ್ ತಪ್ಪಿಸಬಹುದು. ಹಳೆಯ ಡಿಸ್ಕಿನಲ್ಲಿ ಹಾಗೆ ಮಾಡಿದರೆ ಬಳಸದ ಜಾಗದ ಕಸ ಎರಡೂ ಕಡೆ ಬೇರೆ ಇರುತ್ತದೆ, ಮುಂದೆ ತಪಾಸಣೆ ಓಡಿಸಿದಾಗ ಸುಳ್ಳು ವ್ಯತ್ಯಾಸಗಳ ಮಳೆ.

8.4ರಿಂದ 9ಕ್ಕೆ

ಸೇವೆ ಹೆಚ್ಚು ನಿಲ್ಲಿಸದೆ ಏರಬಹುದು, 9ರ ನೋಡ್ 8.4ರ ನೋಡ್‌ನೊಂದಿಗೆ ಮಾತಾಡಬಲ್ಲದು. ಮೊದಲು ಪೂರ್ತಿ 'ವೆರಿಫೈ' (ಎರಡೂ ಕಡೆಯ ಬ್ಲಾಕ್‌ಗಳನ್ನು ಹೋಲಿಸುವ ತಪಾಸಣೆ) ಓಡಿಸಿ, ಬ್ಯಾಕಪ್ ತೆಗೆದು ಮರಳಿಸಿ ನೋಡಿ. ನಂತರ ಸೆಕೆಂಡರಿಯನ್ನು ಕ್ಲಸ್ಟರ್‌ನಲ್ಲಿ ಸ್ಟ್ಯಾಂಡ್‌ಬೈಗೆ ಹಾಕಿ, ರಿಸೋರ್ಸ್ 'ಡೌನ್' ಮಾಡಿ, ಹಳೆಯ ಮಾಡ್ಯೂಲ್ ಇಳಿಸಿ, ಹೊಸ ಮಾಡ್ಯೂಲ್ ಮತ್ತು ಯುಟಿಲಿಟಿ ಹಾಕಿ, ಆವೃತ್ತಿ ಪರೀಕ್ಷಿಸಿ. ಈಗ 'ಕ್ರಿಯೇಟ್-ಎಂಡಿ' ಕೊಟ್ಟರೆ ಹಳೆಯ ಮೆಟಾಡೇಟಾ ಸಿಕ್ಕಿದೆ, 9ರ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಈ ಪ್ರಶ್ನೆಯನ್ನು ನಿಧಾನವಾಗಿ ಓದಬೇಕು. ಬದಲಿಸುವುದು ಬೇರೆ, ಅಳಿಸಿ ಹೊಸದು ಬರೆಯುವುದು ಬೇರೆ. ಬದಲಿಸಿದರೆ ಬಿಟ್‌ಮ್ಯಾಪ್ ಉಳಿಯುತ್ತದೆ, ಆ ಹೊತ್ತಿನಲ್ಲಿ ಬದಲಾದಷ್ಟೇ ಸಿಂಕ್ ಆಗುತ್ತದೆ. ಅಳಿಸಿದರೆ ಇಡೀ ಡಿಸ್ಕ್ ಮತ್ತೆ. ಎರಡೂ 'ಅಪ್‌ಟುಡೇಟ್' ಆದ ಮೇಲೆ ಸೇವೆಯನ್ನು ಹೊಸ ನೋಡ್‌ಗೆ ಸಾಗಿಸಿ, ಇನ್ನೊಂದಕ್ಕೆ ಇದೇ ಕ್ರಮ.

ಹಿಂದಿರುಗುವ ದಾರಿ ಸುಲಭವಲ್ಲ. 8.4ಕ್ಕೆ ಮರಳಬೇಕಾದರೆ ಆ ನೋಡ್‌ನಲ್ಲಿ ಹಳೆಯ ರೂಪದ ಮೆಟಾಡೇಟಾ ಮಾಡಿ ಪೂರ್ತಿ ಸಿಂಕ್ ಮಾಡಬೇಕು ಎಂದೇ ಯೋಜಿಸಿ. ಅದಕ್ಕಾಗಿ ಮೊದಲ ನೋಡ್ ಏರಿಸಿದ ನಂತರ ಕೆಲವು ದಿನ ಹಾಗೆಯೇ ನಿಲ್ಲಿಸಿ ಗಮನಿಸುವುದು ಜಾಣತನ.

ಬದಲಾದ ನಡವಳಿಕೆಗಳೂ ಇವೆ. 9ರಲ್ಲಿ 'ಆಟೋ-ಪ್ರಮೋಟ್' ಆನ್ ಇರುತ್ತದೆ, ಸಾಧನವನ್ನು ಮೌಂಟ್ ಮಾಡಿದರೆ ನೋಡ್ ತಾನಾಗಿ ಪ್ರೈಮರಿ ಆಗುತ್ತದೆ. 8.4ರಲ್ಲಿ ಸೆಕೆಂಡರಿಯ ಮೇಲೆ ಮೌಂಟ್ ವಿಫಲವಾಗುತ್ತದೆ ಎಂಬ ಭರವಸೆಯಲ್ಲಿ ಬರೆದ ಸ್ಕ್ರಿಪ್ಟ್‌ಗಳು ಇಲ್ಲಿ ಬೇರೆ ರೀತಿ ವರ್ತಿಸುತ್ತವೆ. '/ಪ್ರೋಕ್/ಡಿಆರ್‌ಬಿಡಿ' ಫೈಲಿನಲ್ಲಿ ಇನ್ನು ರಿಸೋರ್ಸ್ ಸ್ಥಿತಿ ಸಿಗುವುದಿಲ್ಲ. ಅದನ್ನು ಓದುವ ಮಾನಿಟರಿಂಗ್‌ಗಳನ್ನು 'ಡಿಆರ್‌ಬಿಡಿಸೆಟಪ್ ಸ್ಟೇಟಸ್' ಕಡೆಗೆ ತಿರುಗಿಸದಿದ್ದರೆ ಎಚ್ಚರಿಕೆ ಬರಬೇಕಾದಾಗ ಬರುವುದಿಲ್ಲ.

ಸಿಂಕ್ ಅರ್ಧದಲ್ಲಿರುವಾಗ

ಇದನ್ನು ಕೈಪಿಡಿಯಲ್ಲಿ ಓದಿಯೂ ಹಲವರು ಮರೆಯುತ್ತಾರೆ. ಹಿಂದೆ ಬಿದ್ದ ನೋಡ್ ಸಿಂಕ್ ಆಗುವಾಗ ಬ್ಲಾಕ್‌ಗಳು ಬರೆದ ಕ್ರಮದಲ್ಲಿ ಬರುವುದಿಲ್ಲ, ಡಿಸ್ಕಿನ ಕ್ರಮದಲ್ಲಿ ಬರುತ್ತವೆ. ಅಷ್ಟು ಹೊತ್ತು ಆ ನೋಡ್‌ನ ಡೇಟಾ ಹಳೆಯದೂ ಅಲ್ಲ ಹೊಸದೂ ಅಲ್ಲ, ಬಳಸಲು ಬಾರದು. ಆಗಲೇ ಮೂಲ ನೋಡ್ ಸತ್ತರೆ ಎರಡೂ ಹೋದಂತೆ. ಪರಿಹಾರ ಜೊತೆಯಲ್ಲೇ ಬರುತ್ತದೆ: 'ಬಿಫೋರ್-ರೀಸಿಂಕ್-ಟಾರ್ಗೆಟ್' ಹ್ಯಾಂಡ್ಲರ್‌ಗೆ ಎಲ್‌ವಿಎಂ ಸ್ನ್ಯಾಪ್‌ಶಾಟ್ ಸ್ಕ್ರಿಪ್ಟ್ ಜೋಡಿಸಿದರೆ ಸಿಂಕ್ ಶುರುವಾಗುವ ಮೊದಲು ಹಳೆಯ ಸರಿಯಾದ ಪ್ರತಿ ಉಳಿಯುತ್ತದೆ. ವಾಲ್ಯೂಮ್ ಗ್ರೂಪ್‌ನಲ್ಲಿ ಅದಕ್ಕೆ ಖಾಲಿ ಜಾಗ ಬಿಟ್ಟಿರಬೇಕು, ಹಾಗಾಗಿ ಗ್ರೂಪನ್ನು ಅಂಚಿನವರೆಗೆ ತುಂಬಬೇಡಿ.

ಸ್ಪ್ಲಿಟ್ ಬ್ರೇನ್ ಆಗಿಯೇಬಿಟ್ಟರೆ ಎರಡೂ ಕಡೆ 'ಸ್ಟ್ಯಾಂಡ್‌ಅಲೋನ್' (ಸಂಪರ್ಕ ಬಿಟ್ಟು ಒಂಟಿಯಾದ ಸ್ಥಿತಿ) ಕಾಣಬಹುದು. ಅವಸರ ಬೇಡ. ಯಾವ ಕಡೆಯದು ಬೇಡ ಎಂದು ತೀರ್ಮಾನಿಸಿ, ಆ ಕಡೆಯ ಸ್ನ್ಯಾಪ್‌ಶಾಟ್ ತೆಗೆದಿಟ್ಟು, 'ಡಿಸ್‌ಕನೆಕ್ಟ್', 'ಸೆಕೆಂಡರಿ', ನಂತರ 'ಕನೆಕ್ಟ್ --ಡಿಸ್ಕಾರ್ಡ್-ಮೈ-ಡೇಟಾ'. ಇನ್ನೊಂದು ಕಡೆ ಸ್ಟ್ಯಾಂಡ್‌ಅಲೋನ್ ಇದ್ದರೆ ಬರೀ 'ಕನೆಕ್ಟ್' ಸಾಕು. ಬೇಡದ ಕಡೆ ಬರೆದ ಕೆಲವು ದಾಖಲೆಗಳು ಆಮೇಲೆ ಬೇಕೆನಿಸಿದರೆ ಆ ಸ್ನ್ಯಾಪ್‌ಶಾಟೇ ಗತಿ.

ಕೊರತೆಗಳು, ಮತ್ತು ಯಾರಿಗೆ ಬೇಡ

ಡಿಆರ್‌ಬಿಡಿ ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ ಫೈಲ್ ಅದೇ ಕ್ಷಣ ಆಚೆಯೂ ಅಳಿಯುತ್ತದೆ, ಕೆಟ್ಟ ಡೇಟಾಬೇಸ್ ಪುಟವೂ ಅಷ್ಟೇ ನಿಷ್ಠೆಯಿಂದ ನಕಲಾಗುತ್ತದೆ. ಫೇಲ್‌ಓವರ್ ಅನ್ನೂ ಅದು ತಾನಾಗಿ ನಡೆಸುವುದಿಲ್ಲ, ಪೇಸ್‌ಮೇಕರ್ ಅಥವಾ ಡಿಆರ್‌ಬಿಡಿ ರಿಯಾಕ್ಟರ್‌ನಂಥ ಕ್ಲಸ್ಟರ್ ಮ್ಯಾನೇಜರ್ ಬೇಕು, ಆ ಕಲಿಕೆ ಡಿಆರ್‌ಬಿಡಿಗಿಂತ ದೊಡ್ಡದು. ಕಾನ್ಫಿಗ್‌ನ ಆಯ್ಕೆಗಳು ಅತಿಯಾಗಿವೆ, ಹೆಸರುಗಳಿಂದ ಅರ್ಥ ಹೊಳೆಯುವುದಿಲ್ಲ. ಮೂಲ ಬೆಲೆಗಳು ಕೆಲವು ಹಳೆಯ ಕಾಲದ ಡಿಸ್ಕಿಗೆ ಹೇಳಿ ಮಾಡಿಸಿದಂತಿವೆ. ಎರಡೂ ಕಡೆ ಪ್ರೈಮರಿ ಇಡುವ ಸೌಲಭ್ಯ ಜಿಎಫ್‌ಎಸ್2ನಂಥ ಕ್ಲಸ್ಟರ್ ಫೈಲ್‌ಸಿಸ್ಟಂಗೆ ಅಥವಾ ವರ್ಚುವಲ್ ಯಂತ್ರದ ಲೈವ್ ಮೈಗ್ರೇಶನ್‌ನ ಕೆಲ ಕ್ಷಣಕ್ಕೆ. ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಅನ್ನು ಎರಡೂ ಕಡೆ ಮೌಂಟ್ ಮಾಡಿದರೆ ಫೈಲ್‌ಸಿಸ್ಟಂ ಹಾಳಾಗುತ್ತದೆ.

ಪೋಸ್ಟ್‌ಗ್ರೆಸ್ ಒಂದನ್ನೇ ನಕಲಿಸಬೇಕು, ಸ್ಟ್ಯಾಂಡ್‌ಬೈನಲ್ಲಿ ಓದುವ ಪ್ರಶ್ನೆಗಳನ್ನೂ ಓಡಿಸಬೇಕು ಎನ್ನುವವರಿಗೆ ಅದರದೇ ಸ್ಟ್ರೀಮಿಂಗ್ ರೆಪ್ಲಿಕೇಶನ್ ಉತ್ತಮ, ಡಿಆರ್‌ಬಿಡಿಯ ಸೆಕೆಂಡರಿಯನ್ನು ಮೌಂಟ್ ಮಾಡಿ ಓದಲಾಗದು. ಗಂಟೆಗೊಮ್ಮೆ ನಕಲಾದರೆ ಸಾಕು ಎಂದರೆ ಜೆಡ್‌ಎಫ್‌ಎಸ್ ಸೆಂಡ್ ಅಥವಾ ಆರ್‌ಸಿಂಕ್ ಹಗುರ. ಹತ್ತಾರು ಸರ್ವರ್‌ಗಳ ಡಿಸ್ಕ್ ಒಟ್ಟುಗೂಡಿಸಬೇಕಾದವರು ಸೆಫ್ ಕಡೆ ನೋಡಬೇಕು. ತನ್ನದೇ ರೆಪ್ಲಿಕೇಶನ್ ಇಲ್ಲದ ಹಳೆಯ ಅಪ್ಲಿಕೇಶನ್, ಎನ್‌ಎಫ್‌ಎಸ್ ಸರ್ವರ್, ಐಸ್ಕಸಿ ಟಾರ್ಗೆಟ್, ಎರಡು ಮೂರು ನೋಡ್‌ನ ವರ್ಚುವಲೈಸೇಶನ್: ಡಿಆರ್‌ಬಿಡಿಗೆ ಸರಿಸಾಟಿ ಸಿಗದ ಜಾಗ ಇವು.

ಹಾಕಿದ ಮೇಲೆ 'ವೆರಿಫೈ-ಅಲ್ಗ್' ಗೊತ್ತುಮಾಡಿ, ವಾರಕ್ಕೋ ತಿಂಗಳಿಗೋ ಒಮ್ಮೆ ಹೊರೆ ಕಡಿಮೆ ಇರುವ ಹೊತ್ತಿಗೆ 'ವೆರಿಫೈ' ಓಡಿಸಲು ಕ್ರಾನ್ ಇಡಿ. ಕರ್ನಲ್ ಲಾಗ್‌ನಲ್ಲಿ 'ಔಟ್ ಆಫ್ ಸಿಂಕ್' ಸಾಲು ಬಂದರೆ ಅದು ವ್ಯತ್ಯಾಸವನ್ನು ಗುರುತು ಮಾಡಿದೆ ಅಷ್ಟೇ, ಸರಿಪಡಿಸಿಲ್ಲ. ಸೆಕೆಂಡರಿಯಲ್ಲಿ ಒಮ್ಮೆ 'ಡಿಸ್‌ಕನೆಕ್ಟ್', ಮತ್ತೆ 'ಕನೆಕ್ಟ್' ಕೊಟ್ಟಾಗ ಆ ಬ್ಲಾಕ್‌ಗಳು ಸಿಂಕ್ ಆಗುತ್ತವೆ. ಅದಕ್ಕೂ ಮೊದಲು ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಿ: ಕೆಳಗಿನ ಡಿಸ್ಕನ್ನು ಯಾರಾದರೂ ನೇರ ಮೌಂಟ್ ಮಾಡಿದ್ದರೇ, ರೇಡ್ ಕಾರ್ಡಿನ ಬ್ಯಾಟರಿ ಸತ್ತಿದ್ದರೂ ಡಿಸ್ಕ್ ಫ್ಲಶ್ ಆಫ್ ಮಾಡಿಟ್ಟಿದ್ದಾರೆಯೇ, ಡಿಸ್ಕ್ ತಾನೇ ತಪ್ಪು ಓದುತ್ತಿದೆಯೇ. ಕೆಟ್ಟದ್ದು ಪ್ರೈಮರಿಯ ಡಿಸ್ಕ್ ಆಗಿದ್ದರೆ, ಮರುಜೋಡಿಸಿದ ಕೂಡಲೇ ಆ ಕೆಟ್ಟ ಬ್ಲಾಕೇ ಸೆಕೆಂಡರಿಯ ಒಳ್ಳೆಯ ಬ್ಲಾಕಿನ ಮೇಲೆ ಬಂದು ಕೂರುತ್ತದೆ.